ನೈಟ್ ಡ್ಯೂಟಿ ಮಾಡಿಕೊಂಡು ಪೋಸ್ಟ್ ಬೇಸಿಕ್ ಬಿಎಸ್ಸಿ ಓದೋಕಾಗುತ್ತಾ?

ಐಸಿಯು ಸಿಸ್ಟರ್, ದಾವಣಗೆರೆ:
ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಡಿಪ್ಲೊಮಾ ಆದವರು ಮಾಡುವ ನರ್ಸಿಂಗ್ ಡಿಗ್ರಿ, ಅಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವ ಆಸೆ. ಕೆಲಸ ಬಿಡುವ ಹಾಗಿಲ್ಲ, ತಮ್ಮನ ಡಿಪ್ಲೊಮಾ ಫೀಸು ನನ್ನ ಸಂಬಳದಲ್ಲೇ ಹೋಗಬೇಕು. ನೈಟ್ ಅಂದರೆ ರಾತ್ರಿ 8ರಿಂದ ಬೆಳಿಗ್ಗೆ 8. ಒಂದು ಕಾಲೇಜಿನವರು ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬನ್ನಿ, ಅಟೆಂಡೆನ್ಸ್ ನಾವು ನೋಡ್ಕೋತೀವಿ’ ಅನ್ನುತ್ತಿದ್ದಾರೆ. ಸೇರಬಹುದಾ?

ಹಳೇ ಸಿಸ್ಟರ್, ಹುಬ್ಬಳ್ಳಿ:
ಆ ಕಾಲೇಜಿನ ಕಡೆ ತಲೆ ಹಾಕಬೇಡಮ್ಮ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ. 80 ಹಾಜರಾತಿ ಬೇಕು. ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ಶೇ. 100 ಆಗಿರಬೇಕು. ಕಾಲೇಜಿನ ಪುಸ್ತಕದಲ್ಲಿ ನೀನು ಹಾಜರು, ಅದೇ ಹೊತ್ತಿಗೆ ಆಸ್ಪತ್ರೆಯ ರಿಜಿಸ್ಟರಲ್ಲೂ ನಿನ್ನ ಸಹಿ. ನಾಳೆ ಸರ್ಕಾರಿ ಕೆಲಸಕ್ಕೆ ಅನುಭವ ಪತ್ರ ಕೊಡುವಾಗ ಯಾರಾದರೂ ಕೇಳಿದರೆ ಏನು ಹೇಳುತ್ತೀಯ?

ನಾನೂ ನೈಟ್ ಮಾಡಿಕೊಂಡೇ ಓದಿದವಳು. ಆದರೆ ಐಸಿಯುನಲ್ಲಿ ಅಲ್ಲ. ಅಲ್ಲಿ ಗಂಟೆಗೊಮ್ಮೆ ವೈಟಲ್ಸ್ (ನಾಡಿ, ಬಿಪಿ, ಉಸಿರು), ಯೂರಿನ್ ಔಟ್‌ಪುಟ್ ಬರೆಯಬೇಕು. ಎರಡು ಗಂಟೆಗೊಮ್ಮೆ ಪೇಷೆಂಟ್ ಮಗ್ಗುಲು ಬದಲಿಸಬೇಕು. ಪುಸ್ತಕ ತೆಗೆದರೆ ಡ್ರಿಪ್ ಹಾಕುವ ಇನ್‌ಫ್ಯೂಷನ್ ಪಂಪ್ ಕೂಗುತ್ತೆ. 8ಕ್ಕೆ ಡ್ಯೂಟಿ ಮುಗಿದರೂ ಮುಂದಿನ ಶಿಫ್ಟಿನವರಿಗೆ ಓವರ್ ಕೊಟ್ಟು (ಪೇಷೆಂಟ್ ವಿಷಯ ಒಪ್ಪಿಸಿ) ಹೊರಗೆ ಬರುವಾಗ ಎಂಟೂಮುಕ್ಕಾಲು, 9ಕ್ಕೆ ಕ್ಲಾಸು. ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಹತ್ತಿರ ಜನರಲ್ ವಾರ್ಡ್ ಕೇಳಿ ಹಾಕಿಸಿಕೊಂಡೆ. ಶನಿವಾರದ್ದು, ಹಬ್ಬದ ಹಿಂದಿನ ದಿನದ್ದು, ಹೀಗೆ ಯಾರಿಗೂ ಬೇಡದ ನೈಟ್‌ಗಳನ್ನು ನಾನೇ ಮಾಡುತ್ತೇನೆ, ಬೇರೆ ನೈಟ್ ಬೇಡ ಅಂದೆ. ಸಂಬಳ ಕಮ್ಮಿಯಾಯಿತು. ಮೇಟ್ರನ್ ಮಾತ್ರ ಖುಷಿಯಾದರು!

ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ವಿಷಯದ ಬಗ್ಗೆ ನಿನಗೆ ಚಿಂತೆ ಬೇಡ, ದಿನಾ ಅದನ್ನೇ ಮಾಡುತ್ತಿದ್ದೀಯ. ಮೊದಲ ವರ್ಷದ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಹಾಗಲ್ಲ. ನಿದ್ದೆಗಣ್ಣಲ್ಲಿ ಓದಿದರೆ ಒಂದಕ್ಷರ ನಿಲ್ಲಲ್ಲ. ನೈಟ್ ಇಲ್ಲದ ದಿನಕ್ಕೇ ಇಟ್ಟುಕೋ.

ತುಮಕೂರಿನವ:
ಸಿಸ್ಟರ್, ಇಗ್ನೋದ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ) ಪೋಸ್ಟ್ ಬೇಸಿಕ್ ವಿಚಾರಿಸಿ. ಅದನ್ನು ಕೆಲಸದಲ್ಲಿರುವ ನರ್ಸ್‌ಗಳಿಗೆ ಅಂತಲೇ ಮಾಡಿರುವುದು. 2 ವರ್ಷದ ಬದಲು 3 ವರ್ಷ. ಪ್ರವೇಶ ಪರೀಕ್ಷೆ ಇದೆ. ಪಿಯುಸಿ ಆದ ಮೇಲೆ ಜಿಎನ್‌ಎಂ ಮಾಡಿದವರಿಗೆ ನೋಂದಣಿ ಆದಮೇಲೆ 2 ವರ್ಷದ ಅನುಭವ ಬೇಕು. ದೂರ ಶಿಕ್ಷಣ ಅಂತ ಸುಮ್ನೆ ಮನೆಯಲ್ಲಿ ಕೂತು ಮುಗಿಸೋ ಕೋರ್ಸ್ ಅಲ್ಲ, ಪ್ರಾಕ್ಟಿಕಲ್‌ಗೆ ರಜೆ ಹಾಕಲೇಬೇಕು. ಈ ಸಲದ ಪ್ರಕಟಣೆ ನೋಡಿಕೊಂಡು ಅರ್ಜಿ ಹಾಕಿ.

ಐಸಿಯು ಸಿಸ್ಟರ್, ದಾವಣಗೆರೆ:
ಥ್ಯಾಂಕ್ಸ್ ಇಬ್ಬರಿಗೂ. ಅಕ್ಕ, ನಮ್ಮ ಮೇಟ್ರನ್ ಒಪ್ಪುತ್ತಾರೋ ಇಲ್ಲವೋ. ಐಸಿಯುಗೆ ಜನ ಸಿಗಲ್ಲ ಅಂತ ಯಾವಾಗಲೂ ಗೊಣಗುತ್ತಿರುತ್ತಾರೆ.

ಹಳೇ ಸಿಸ್ಟರ್, ಹುಬ್ಬಳ್ಳಿ:
ಒಪ್ಪದಿದ್ದರೆ ಬೇರೆ ಆಸ್ಪತ್ರೆ ನೋಡು, ಐಸಿಯು ಮಾಡಿದವರಿಗೆ ಎಲ್ಲ ಕಡೆ ಬೇಡಿಕೆ ಇದೆ. ಆದರೆ ಬಾಯಿ ಬಿಡುವ ಮೊದಲು ಎರಡು ನೋಡಿಕೋ: ಸೇರುವಾಗ ಇಷ್ಟು ದಿನ ಕೆಲಸ ಬಿಡಲ್ಲ ಅಂತ ಬಾಂಡ್ ಬರೆಸಿಕೊಂಡಿದ್ದಾರಾ? ನಿನ್ನ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಆಸ್ಪತ್ರೆಯವರ ಹತ್ತಿರವೇ ಇದೆಯಾ? ಇದ್ದರೆ ಮೊದಲು ಅದನ್ನು ಬಿಡಿಸಿಕೋ. ಅಡ್ಮಿಷನ್ ದಿನ ಕಾಲೇಜಿನವರು ಒರಿಜಿನಲ್ಲೇ ಕೇಳುತ್ತಾರೆ.