ಟೈರೋಸಿನ್ ಅಲನೈನ್‌ಗಿಂತ ಮೇಲೆ ಹೋಗಿದೆ, ನನ್ನ ಪೇಪರ್ ತಪ್ಪಾ?

ಉಡುಪಿ_ಬಿಎಸ್ಸಿ:
ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಪೇಪರ್ ಕ್ರೊಮಟೋಗ್ರಫಿ ಮಾಡಿದೆ. ಬ್ಯೂಟನಾಲ್, ಅಸಿಟಿಕ್ ಆಸಿಡ್, ನೀರು 4:1:5, ಮೇಲಿನ ಪದರ. ಆರ್‌ಎಫ್ (ದ್ರಾವಕ ಹೋದ ದೂರದಲ್ಲಿ ಕಲೆ ಹೋದ ಪಾಲು) ಹೀಗೆ ಬಂತು: ಲ್ಯೂಸಿನ್ 0.73, ಟೈರೋಸಿನ್ 0.45, ಅಲನೈನ್ 0.38, ಲೈಸಿನ್ 0.14. ನೋಟ್ಸ್‌ನಲ್ಲಿ ಅಲನೈನ್ ನಾನ್‌ಪೋಲಾರ್ (ನೀರಿಗೆ ಒಗ್ಗದ್ದು), ಟೈರೋಸಿನ್ ಪೋಲಾರ್ (ನೀರಿಗೆ ಒಗ್ಗುವಂಥದ್ದು) ಅಂತ ಉಂಟು. ಹಾಗಾದರೆ ಅಲನೈನ್ ಮೇಲಿರಬೇಕಲ್ವಾ? ಎರಡು ಸಲ ಮಾಡಿದೆ, ಅದೇ ಕಥೆ. ಬಣ್ಣ ಬರಿಸುವ ನಿನ್‌ಹೈಡ್ರಿನ್ ಹೊಡೆದ ಮೇಲೆ ಅಂಚಿನಲ್ಲಿ ನೇರಳೆ ಕಲೆ ಬೇರೆ. ಪ್ರೋಲಿನ್ ಮಾತ್ರ ಹಳದಿ.

ಕುಡ್ಲದ_ಲ್ಯಾಬ್:
ಕಲೆ ನಿಮ್ಮ ಬೆರಳಿನದ್ದು ಮಾರಾಯ್ರೆ. ಬೆವರಿನಲ್ಲೂ ಅಮೈನೋ ಆಮ್ಲ ಉಂಟು. ನಮ್ಮ ಊರಿನ ಸೆಕೆಗೆ ಗ್ಲೌಸ್ ಇಲ್ಲದೆ ಪೇಪರ್ ಮುಟ್ಟಬೇಡಿ, ಪೆನ್ಸಿಲ್ ಗೆರೆ ಎಳೆಯುವಾಗಲೂ. ಪ್ರೋಲಿನ್ ಹಳದಿ ಬರುವುದೇ ಸರಿ. ಅದರ ಸೈಡ್ ಚೈನ್ (ಒಂದೊಂದು ಅಮೈನೋ ಆಮ್ಲಕ್ಕೂ ಬೇರೆ ಬೇರೆ ಇರುವ ಭಾಗ) ಸುತ್ತಿ ಬಂದು ತನ್ನದೇ ನೈಟ್ರೋಜನ್‌ಗೆ ಅಂಟಿಕೊಂಡಿದೆ.

ಹಳೇ_ಮೇಷ್ಟ್ರು:
ಪೇಪರ್ ಸರಿ ಇದೆ. ಗುಂಪಿನ ಹೆಸರನ್ನು ಜಾಸ್ತಿ ನಂಬಿದ್ದೇ ತೊಂದರೆ. ಟೈರೋಸಿನ್‌ನಲ್ಲಿ ನೀರಿಗೆ ಒಗ್ಗದ ಇಡೀ ಬೆಂಜೀನ್ ಉಂಗುರ ಉಂಟು, ತುದಿಯಲ್ಲಿ ಒಂದೇ ಒಂದು ಓಎಚ್. ಆ ಓಎಚ್ ನೋಡಿ ಪೋಲಾರ್ ಅಂತ ಬರೆಯುತ್ತಾರೆ. ಅಲನೈನ್‌ಗೆ ಇರುವುದು ಬರೀ ಒಂದು ಮೀಥೈಲ್. ಅದು ನಾನ್‌ಪೋಲಾರ್ ಹೌದು, ಆದರೆ ಎಷ್ಟು ಚಿಕ್ಕದು!

ಬ್ಯೂಟನಾಲ್ ಅನ್ನು ಮಂಗಳೂರಿನಿಂದ ಉಡುಪಿಗೆ ಹೊರಟ ಬಸ್ಸು ಅಂದುಕೊಳ್ಳಿ. ಪೇಪರ್ ಹಿಡಿದಿಟ್ಟ ನೀರು ಅಂದರೆ ದಾರಿಯ ಸ್ಟಾಪುಗಳು. ನೀರು ಇಷ್ಟಪಡುವ ಲೈಸಿನ್ ಕೂಳೂರಿನಲ್ಲೇ ಇಳಿಯಿತು. ಅಲನೈನ್ ಹಳೆಯಂಗಡಿ, ಟೈರೋಸಿನ್ ಮುಲ್ಕಿ. ಎಣ್ಣೆ ಸ್ವಭಾವದ ಲ್ಯೂಸಿನ್ ಕಾಪುವರೆಗೆ ಕೂತೇ ಹೋಯಿತು. ಟೈರೋಸಿನ್‌ನ ಓಎಚ್ ಏನು ಮಾಡುತ್ತದೆ ಅಂತ ನೋಡಬೇಕಾ? ಪಕ್ಕದಲ್ಲಿ ಫೀನೈಲ್ ಅಲನೈನ್ ಹಾಕಿ. ಅದೇ ಉಂಗುರ, ಓಎಚ್ ಇಲ್ಲ. ಲ್ಯೂಸಿನ್ ಹತ್ತಿರ ಹತ್ತಿರ ಹೋಗುತ್ತದೆ.

ಉಡುಪಿ_ಬಿಎಸ್ಸಿ:
ಈಗ ಅರ್ಥವಾಯ್ತು ಸರ್. ಆದರೆ ಆಸ್ಪಾರ್ಟಿಕ್ ಆಸಿಡ್ 0.24, ಗ್ಲೈಸಿನ್ ಪಕ್ಕದಲ್ಲೇ. ಚಾರ್ಜ್ ಇರುವುದು ಲೈಸಿನ್ ಜೊತೆ ಕೆಳಗೆ ಇರಬೇಕಿತ್ತಲ್ಲ?

ಹಳೇ_ಮೇಷ್ಟ್ರು:
ನೋಟ್ಸ್‌ನ ಪ್ಲಸ್ ಮೈನಸ್ ಎಲ್ಲ ಪಿಎಚ್ 7ರ ಲೆಕ್ಕ. ನಿಮ್ಮ ಜಾರ್‌ನಲ್ಲಿ ಅಸಿಟಿಕ್ ಆಸಿಡ್ ಉಂಟಲ್ಲ, ಮರೆತಿರಾ? ಅಲ್ಲಿ ಆಸ್ಪಾರ್ಟಿಕ್‌ನ ಸೈಡ್ ಚೈನ್ ತನ್ನ ಹೈಡ್ರೋಜನ್ ಬಿಡುವುದಿಲ್ಲ, ಹಾಗಾಗಿ ಮೈನಸ್ ಆಗುವುದಿಲ್ಲ. ಲೈಸಿನ್ ಪ್ಲಸ್ ಆಗಿಯೇ ಇರುತ್ತದೆ. ಹಿಸ್ಟಿಡಿನ್ ಇನ್ನೂ ಮಜಾ. ಅದರ ಸೈಡ್ ಚೈನ್‌ನ ಪಿಕೆಎ (ಅರ್ಧ ಪಾಲು ಹೈಡ್ರೋಜನ್ ಬಿಟ್ಟಿರುವ ಪಿಎಚ್) ಸುಮಾರು 6. ಪಿಎಚ್ 7ರಲ್ಲಿ ಹೆಚ್ಚಿನ ಪಾಲು ಚಾರ್ಜ್ ಇಲ್ಲದೆ ಇರುತ್ತದೆ, ಆದರೂ ಬೇಸಿಕ್ ಗುಂಪಿಗೇ ಸೇರಿಸುತ್ತಾರೆ. ನಿಮ್ಮ ಜಾರ್‌ನಲ್ಲಿ ಅದು ಪೂರ್ತಿ ಪ್ಲಸ್.

ಉಡುಪಿ_ಬಿಎಸ್ಸಿ:
ಹಾಗಾದರೆ ಅದೂ ಕೂಳೂರಿನಲ್ಲೇ ಇಳಿಯಬೇಕು. ನಾಳೆ ಹಾಕಿ ನೋಡುತ್ತೇನೆ, ಗ್ಲೌಸ್ ಹಾಕಿಕೊಂಡು.