ಇಂಗ್ಲಿಷ್ ಶಿಕ್ಷಕರಾಗಲಿರುವವರಿಗೆ ಸಂಶೋಧನೆ ಕಲಿಸಿದವರು ಯಾರಾದರೂ ಇದ್ದೀರಾ?

ಕೇಳಿದವರು

ಈ ಅವಧಿಯಿಂದ ಹೊಸ ಪತ್ರಿಕೆಯೊಂದು (ಪಠ್ಯವಿಷಯ) ನನ್ನ ಹೆಗಲಿಗೆ ಬಿದ್ದಿದೆ. ಇಂಗ್ಲಿಷ್ ಶಿಕ್ಷಕರಾಗಲಿರುವ 32 ಪ್ರಶಿಕ್ಷಣಾರ್ಥಿಗಳಿಗೆ ಭಾಷಾ ಶಿಕ್ಷಣದಲ್ಲಿ ಸಂಶೋಧನೆ ಮಾಡುವುದನ್ನು ಕಲಿಸಬೇಕು. ಒಟ್ಟು 14 ವಾರ, ನಡುವೆ ಆರು ವಾರ ಅವರು ಬೋಧನಾಭ್ಯಾಸಕ್ಕಾಗಿ ಶಾಲೆಗಳಲ್ಲಿರುತ್ತಾರೆ. ಕೊನೆಗೆ ಪ್ರತಿಯೊಬ್ಬರೂ ಒಂದು ಕಿರುಪ್ರಬಂಧ ಒಪ್ಪಿಸಬೇಕು.

ಹಿಂದಿನ ತಂಡದ ಪ್ರಬಂಧಗಳನ್ನು ಕಪಾಟಿನಿಂದ ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚಿನವುಗಳ ಶೀರ್ಷಿಕೆ 'ಇಂಗ್ಲಿಷ್ ಕಲಿಕೆಯ ಮೇಲೆ ತಂತ್ರಜ್ಞಾನದ ಪರಿಣಾಮ' ಅಥವಾ ಅದರ ತಮ್ಮನೋ ತಂಗಿಯೋ. ಎಲ್ಲದರಲ್ಲೂ ಒಂದು ಪ್ರಶ್ನಾವಳಿ, ಒಂದಿಷ್ಟು ಶೇಕಡಾವಾರು, ಬಣ್ಣಬಣ್ಣದ ಪೈ ಚಾರ್ಟ್, ಕೊನೆಯಲ್ಲಿ 'ಶಿಕ್ಷಕರು ತಂತ್ರಜ್ಞಾನವನ್ನು ಹೆಚ್ಚಾಗಿ ಬಳಸಬೇಕು' ಎಂಬ ಸಲಹೆ. ಯಾವ ಪ್ರಬಂಧದಲ್ಲೂ ಒಂದು ಮಗು ಆಡಿದ ಒಂದು ವಾಕ್ಯ ಸಿಗಲಿಲ್ಲ. ಇದನ್ನು ಬದಲಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಸಂಖ್ಯಾಶಾಸ್ತ್ರ ಎಷ್ಟು ಬೇಕು? ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ.

19 ವರ್ಷ ಇದೇ ಪತ್ರಿಕೆ ಕಲಿಸಿದವರು

ಮೇಡಂ, 19 ವರ್ಷಗಳಲ್ಲಿ ಮೊದಲ ಆರು ವರ್ಷ ನಾನು ತಪ್ಪಾಗಿಯೇ ಕಲಿಸಿದೆ. ಸಂಶೋಧನೆಯ ವ್ಯಾಖ್ಯೆ, ವಿಧಗಳು, ಪ್ರಾಕಲ್ಪನೆ ಎಂದರೇನು ಎನ್ನುವುದರಲ್ಲೇ ಮೂರು ವಾರ ಕಳೆದುಹೋಗುತ್ತಿತ್ತು. ಹುಡುಗರು ಗಿಳಿಪಾಠ ಒಪ್ಪಿಸುತ್ತಿದ್ದರು. ವಿಷಯ ಆರಿಸಿಕೊಳ್ಳಿ ಎಂದ ಕೂಡಲೇ ಆಕಾಶಕ್ಕೆ ಏಣಿ ಹಾಕುತ್ತಿದ್ದರು.

ಈಗ ವ್ಯಾಖ್ಯೆಗೆ ಕೈ ಹಾಕುವ ಮೊದಲೇ ಒಂದು ಕೆಲಸ ಕೊಡುತ್ತೇನೆ. ಬೋಧನಾಭ್ಯಾಸ ಆರಂಭವಾಗುವ ಮುನ್ನ ಎರಡು ದಿನ ಶಾಲೆಗೆ ಕಳಿಸಿ, ಅನುಮತಿ ಪಡೆದು, ತಮ್ಮದೇ ಪಾಠದ ಹತ್ತು ನಿಮಿಷವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಬರಲು ಹೇಳುತ್ತೇನೆ. ಅದನ್ನು ಮಾತಿಗೆ ಮಾತಾಗಿ, ಮೌನವನ್ನೂ ಬಿಡದೆ, ಕಾಗದಕ್ಕೆ ಇಳಿಸಬೇಕು. ಹತ್ತು ನಿಮಿಷದ ಮಾತಿಗೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ, ಎಲ್ಲರೂ ಗೊಣಗುತ್ತಾರೆ. ಗೊಣಗಲಿ.

ಒಬ್ಬ ಹುಡುಗಿಯ ನೆನಪು ಈಗಲೂ ಹಸಿಯಾಗಿದೆ. 'ನನ್ನ ತರಗತಿಯಲ್ಲಿ ಮಕ್ಕಳು ಬಾಯಿಯೇ ಬಿಡುವುದಿಲ್ಲ ಸರ್, ಮಕ್ಕಳ ನಿರಾಸಕ್ತಿಯ ಬಗ್ಗೆ ಪ್ರಬಂಧ ಬರೆಯುತ್ತೇನೆ' ಎಂದು ಬಂದಿದ್ದಳು. ಮೊದಲು ಕಾಗದಕ್ಕೆ ಇಳಿಸಿಕೊಂಡು ಬಾ ಎಂದೆ. ಹತ್ತು ನಿಮಿಷದಲ್ಲಿ ಅವಳು 23 ಪ್ರಶ್ನೆ ಕೇಳಿದ್ದಳು. ಅವುಗಳಲ್ಲಿ 19ಕ್ಕೆ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. 'ವಾಟ್ ಈಸ್ ದಿಸ್?' ಎಂದು ಪೆನ್ನು ಎತ್ತಿ ತೋರಿಸಿ, ಒಂದು ಉಸಿರಿನಷ್ಟು ಕಾದು, 'ದಿಸ್ ಈಸ್ ಎ ಪೆನ್' ಎಂದು ತಾನೇ ಹೇಳಿಬಿಟ್ಟಿದ್ದಳು. ಮೂರು ಕಡೆ ಯಾವುದೋ ಮಗು 'ಇಟ್...' ಎಂದು ಬಾಯಿ ತೆರೆದದ್ದು ಕೇಳಿಸುತ್ತದೆ, ಅದರ ಮೇಲೆಯೇ ಇವಳ ಧ್ವನಿ ಬಂದು ಕುಳಿತುಬಿಡುತ್ತದೆ. ಆ ಕಾಗದ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದಳು. ಆಮೇಲೆ, 'ನಿರಾಸಕ್ತಿ ಅನ್ನುವ ಪದ ಹೊಡೆದುಹಾಕುತ್ತೇನೆ ಸರ್' ಎಂದಳು. ಅವಳ ಹೊಸ ಪ್ರಶ್ನೆ ಹೀಗಿತ್ತು: ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಕಾದರೆ ಎಷ್ಟು ಮಕ್ಕಳು, ಎಷ್ಟು ಪದಗಳಲ್ಲಿ ಉತ್ತರಿಸುತ್ತಾರೆ?

ಓದಿಸುವ ಕಾಲ ಅದು. ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ 1974ರಲ್ಲಿ ಪ್ರಕಟಿಸಿದ್ದು ಇದೇ ಸಂಗತಿಯನ್ನು. ವಿಜ್ಞಾನದ ತರಗತಿಗಳಲ್ಲಿ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು, ಕಾಯುವಿಕೆ ಮೂರು ಸೆಕೆಂಡ್ ದಾಟಿದಾಗ ಮಕ್ಕಳ ಉತ್ತರ ಉದ್ದವಾಯಿತು. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಬೇರೆ, ಗೊತ್ತಿಲ್ಲದೆ ಕೇಳುವ ಪ್ರಶ್ನೆ ಬೇರೆ ಎಂದು ಗುರುತಿಸಿ, ಇಂಗ್ಲಿಷ್ ತರಗತಿಗಳಲ್ಲಿ ಮೊದಲನೆಯದೇ ಹೆಚ್ಚು ಎಂದು ಲಾಂಗ್ ಮತ್ತು ಸಾಟೊ 1983ರಲ್ಲಿ ತೋರಿಸಿದ್ದರು. ಇದನ್ನು ಮೊದಲ ವಾರವೇ ಹೇಳಿದ್ದರೆ ಅವಳು ಟಿಪ್ಪಣಿ ಬರೆದುಕೊಂಡು ಮರೆಯುತ್ತಿದ್ದಳು. ತನ್ನ ಧ್ವನಿ ಕೇಳಿದ ಮೇಲೆ ಹೇಳಿದ್ದರಿಂದ ಅಂದೇ ರಾತ್ರಿ ಹುಡುಕಿ ಓದಿಕೊಂಡು ಬಂದಳು.

ವಿಷಯ ಕಿರಿದಾಗಿದೆಯೇ ಎಂದು ನೋಡಲು ನಾನು ಕೇಳುವುದು ಒಂದೇ ಮಾತು: 'ಮಂಗಳವಾರ ಮೂರನೆಯ ಪಿರಿಯಡ್‌ನಲ್ಲಿ ನಾನು ಬಂದು ಹಿಂದೆ ಕುಳಿತರೆ, ನೀನು ಹೇಳುತ್ತಿರುವುದು ನನ್ನ ಕಣ್ಣಿಗೋ ಕಿವಿಗೋ ಬೀಳುತ್ತದೆಯೇ?' ಬೀಳದಿದ್ದರೆ ಇನ್ನೂ ಕಿರಿದಾಗಿಸಬೇಕು. 'ತಂತ್ರಜ್ಞಾನದ ಪರಿಣಾಮ' ಇಲ್ಲಿಯೇ ಉದುರಿಹೋಗುತ್ತದೆ.

ಐದು ವರ್ಷದ ಹಿಂದೆ ಪ್ರಶಿಕ್ಷಣಾರ್ಥಿಯಾಗಿದ್ದವರು

ನೀವು ಕಪಾಟಿನಲ್ಲಿ ಕಂಡಂಥ ಪ್ರಬಂಧವನ್ನೇ ಬರೆದವಳು ನಾನು, ನಗಬೇಡಿ. 40 ಹೇಳಿಕೆಗಳ ಪ್ರಶ್ನಾವಳಿ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಐದು ಮನೆ. ಅದೂ ಇಂಗ್ಲಿಷಿನಲ್ಲಿ, ಎಂಟನೆಯ ತರಗತಿಯ ಮಕ್ಕಳಿಗೆ! ಅರ್ಧದಷ್ಟು ಮಕ್ಕಳು ಮಧ್ಯದ ಮನೆಗೆ ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕುತ್ತಾ ಹೋಗಿದ್ದರು.

ಒಬ್ಬ ಹುಡುಗ ಮಾತ್ರ ಎದ್ದು ಬಂದ. ನನ್ನ ಹನ್ನೆರಡನೆಯ ಹೇಳಿಕೆ 'ಇಂಗ್ಲಿಷ್ ಮಾತನಾಡಲು ನನಗೆ ಇಷ್ಟವೂ ಧೈರ್ಯವೂ ಇದೆ' ಎಂದಿತ್ತು. ಅದರ ಮೇಲೆ ಬೆರಳಿಟ್ಟು, 'ಮಿಸ್, ಇಷ್ಟ ಇದೆ, ಧೈರ್ಯ ಇಲ್ಲ. ಯಾವುದಕ್ಕೆ ಗುರುತು ಹಾಕಲಿ?' ಎಂದ. 'ಯಾವುದಾದರೂ ಒಂದಕ್ಕೆ ಹಾಕು' ಎಂದು ಕಳಿಸಿದೆ. ಇಡೀ ಪ್ರಬಂಧದಲ್ಲಿ ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ದತ್ತಾಂಶ ಅದು, ನಾನದನ್ನು ಬರೆದುಕೊಳ್ಳಲೂ ಇಲ್ಲ.

ಆದ್ದರಿಂದ ಮೇಡಂ, ಪ್ರಶ್ನಾವಳಿಯನ್ನು ನಿಷೇಧಿಸಬೇಡಿ, ಆದರೆ ಹಂಚುವ ಮೊದಲು ಪ್ರಶಿಕ್ಷಣಾರ್ಥಿಯನ್ನು ಮೂವರು ಮಕ್ಕಳ ಪಕ್ಕದಲ್ಲಿ ಕೂರಿಸಿ. ಪ್ರತಿ ಹೇಳಿಕೆಯನ್ನೂ ಮಗು ಓದಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲಿ. ಹೇಳಿಕೆಗಳು ಮಕ್ಕಳ ಮನೆಮಾತಿನಲ್ಲಿರಲಿ, ಒಂದು ಹೇಳಿಕೆಯಲ್ಲಿ ಒಂದೇ ಸಂಗತಿ ಇರಲಿ. ತಾವೇ ಹೊಸೆಯುವ ಬದಲು ಬೇರೆಯವರು ಪರೀಕ್ಷಿಸಿ ನೋಡಿದ ಸಾಧನ ಹುಡುಕಿಕೊಳ್ಳಲಿ. ಭಾಷಾ ತರಗತಿಯ ಅಳುಕನ್ನು ಅಳೆಯಲು ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಕೊಟ್ಟ 33 ಹೇಳಿಕೆಗಳ ಮಾಪನ ಇದೆ. ಅದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಶಾಲಾ ಮಕ್ಕಳಿಗೆ ಹಾಗೆಯೇ ಎತ್ತಿ ಕೊಡಬಾರದು. ಭಾಷಾ ಸಂಶೋಧಕರು ಬಳಸಿದ ಪ್ರಶ್ನಾವಳಿ, ಪರೀಕ್ಷೆ, ಸಂದರ್ಶನದ ಪ್ರಶ್ನೆಗಳನ್ನು ಐರಿಸ್ ಎಂಬ ಮುಕ್ತ ಜಾಲತಾಣದಲ್ಲಿ ಒಟ್ಟುಮಾಡಿಟ್ಟಿದ್ದಾರೆ. ನನಗೆ ಆಗ ಗೊತ್ತಿರಲಿಲ್ಲ.

ಸಂಖ್ಯಾಶಾಸ್ತ್ರವನ್ನೂ ಕಲಿಸುವವರು

ಎಷ್ಟು ಬೇಕು ಎಂದು ಕೇಳಿದ್ದೀರಿ. ಕಡಿಮೆ ಸಾಕು. ಸರಾಸರಿ, ಮಧ್ಯಾಂಕ (ಅಂಕಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು), ಅಂಕಗಳ ಹರವು, ಜೊತೆಗೆ ಒಂದು ಚಿತ್ರ: ಪ್ರತಿ ಮಗುವಿಗೂ ಒಂದು ಗೆರೆ, ಎಡತುದಿ ಮೊದಲಿನ ಅಂಕ, ಬಲತುದಿ ನಂತರದ ಅಂಕ. 15 ಮಕ್ಕಳ ತರಗತಿಯಲ್ಲಿ ಸರಾಸರಿ ಎರಡು ಅಂಕ ಏರಿದ್ದನ್ನು ನೋಡಿ ಹಿಗ್ಗುವವರು ಈ ಚಿತ್ರ ನೋಡಿದಾಗ, ನಾಲ್ವರ ಗೆರೆ ಜಿಗಿದು ಉಳಿದವರದು ಅಲ್ಲೇ ಮಲಗಿರುವುದು ಕಾಣುತ್ತದೆ.

ಒಂದೇ ತರಗತಿಗೆ ಪೂರ್ವಪರೀಕ್ಷೆ, ಆರು ವಾರದ ನಂತರ ಅದೇ ಪರೀಕ್ಷೆ, 'ನನ್ನ ವಿಧಾನದಿಂದ ಸುಧಾರಣೆ' ಎನ್ನುವ ತೀರ್ಪು: ಇದಕ್ಕೆ ಮಾತ್ರ ಅವಕಾಶ ಕೊಡಬೇಡಿ. ಆರು ವಾರ ಇಂಗ್ಲಿಷ್ ಕಲಿತ ಮಕ್ಕಳು ಹೇಗೂ ಸ್ವಲ್ಪ ಮುಂದೆ ಹೋಗಿರುತ್ತಾರೆ. ಪ್ರಶ್ನೆಪತ್ರಿಕೆ ಪರಿಚಿತವಾಗಿರುತ್ತದೆ. ಹೊಸ ಮಿಸ್ ಬಂದ ಉತ್ಸಾಹವೂ ಇರುತ್ತದೆ. 'ನೀನು ಏನೂ ಮಾಡದಿದ್ದರೂ ಇದು ಆಗುತ್ತಿತ್ತೇ?' ಎಂಬ ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದು ಹಾಕಿ.

ಪ್ರತಿಲೇಖಗಳ (ಕಾಗದಕ್ಕೆ ಇಳಿಸಿದ ಮಾತುಗಳ) ವರ್ಗೀಕರಣ ಕಲಿಸುವವರು

ಮೇಲಿನ ಹಿರಿಯರು ಹೇಳಿದ ಧ್ವನಿಮುದ್ರಣದ ಮುಂದಿನ ಹೆಜ್ಜೆ ನನ್ನದು. ಒಂದೇ ಪ್ರತಿಲೇಖವನ್ನು ಇಬ್ಬರಿಗೆ ಕೊಟ್ಟು, ಒಬ್ಬರಿಗೊಬ್ಬರು ತೋರಿಸದೆ ವರ್ಗೀಕರಿಸಲು ಹೇಳುತ್ತೇನೆ. ತಪ್ಪು ತಿದ್ದುವ ಬಗೆ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಶಿಕ್ಷಕರು ತಿದ್ದುವ ರೀತಿಯನ್ನು ಆರು ಬಗೆಯಾಗಿ ವಿಂಗಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ತಿದ್ದುವಿಕೆ, ಮಗುವಿನ ವಾಕ್ಯವನ್ನೇ ಸರಿಪಡಿಸಿ ತಿರುಗಿ ಹೇಳುವ ಬಗೆಯದು. ಮಗುವಿನಿಂದ ತೀರ ಕಡಿಮೆ ಪ್ರತಿಕ್ರಿಯೆ ಬಂದದ್ದೂ ಆ ಬಗೆಗೇ.

ಒಮ್ಮೆ ಇಬ್ಬರು ಹುಡುಗರ ಮುಂದೆ ಇದ್ದದ್ದು ಮೂರು ಸಾಲು. ಮಗು: 'ಯೆಸ್ಟರ್‌ಡೇ ಹೀ ಗೋ ಹೋಮ್.' ಶಿಕ್ಷಕ: 'ಓ, ಹೀ ವೆಂಟ್ ಹೋಮ್.' ಮಗು: 'ಯೆಸ್.' ಮಗು ತಿದ್ದುಪಡಿಗೆ ಪ್ರತಿಕ್ರಿಯಿಸಿತು ಎಂದು ಒಬ್ಬನ ವಾದ. ಬರೀ ತಲೆಯಾಡಿಸಿತು, 'ವೆಂಟ್' ಅದರ ಕಿವಿಗೇ ಬೀಳಲಿಲ್ಲ ಎಂದು ಇನ್ನೊಬ್ಬನದು. ಅರ್ಧ ಗಂಟೆ ಜಗಳ. ನಾನು ಬಾಯಿ ಹಾಕಲಿಲ್ಲ. ಮೂಲ ಲೇಖನ ತೆರೆದು ನೋಡಿದರೆ, 'ಯೆಸ್' ಎನ್ನುವುದೂ ಪ್ರತಿಕ್ರಿಯೆಯೇ, ಆದರೆ ತಪ್ಪು ಇನ್ನೂ ತಿದ್ದಬೇಕಾಗಿ ಉಳಿದಿರುವ ಪ್ರತಿಕ್ರಿಯೆ ಎಂದು ಲೇಖಕರು ಬೇರೆ ಗುಂಪಿಗೆ ಹಾಕಿದ್ದರು. ವರ್ಗದ ವ್ಯಾಖ್ಯೆಯನ್ನು ಅಷ್ಟು ಗಟ್ಟಿಯಾಗಿ ಏಕೆ ಬರೆಯಬೇಕು ಎನ್ನುವುದನ್ನು ಆ ಹುಡುಗರಿಗೆ ನಾನು ಪ್ರತ್ಯೇಕವಾಗಿ ಕಲಿಸಬೇಕಾಗಲಿಲ್ಲ.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಾರ್ಗದರ್ಶಿ ಶಿಕ್ಷಕರು

ನನ್ನ ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ. ನಿಮ್ಮ ಪ್ರಶಿಕ್ಷಣಾರ್ಥಿಗಳು ಬರುವುದು ನಮ್ಮ ತರಗತಿಗೆ. ಬರುತ್ತಾರೆ, ಹಾಳೆ ಹಂಚುತ್ತಾರೆ, ಹೋಗುತ್ತಾರೆ. ಏನು ತಿಳಿಯಿತು ಎಂದು ತಿರುಗಿ ಬಂದು ಹೇಳಿದವರನ್ನು ನಾನು ಕಂಡಿಲ್ಲ. ಪಾಠ ಮಾಡುವುದೇ ಇನ್ನೂ ಕೈಗೆ ಹತ್ತಿರುವುದಿಲ್ಲ, ಅಷ್ಟರಲ್ಲಿ ಸಂಶೋಧನೆಯ ಗಡಿಬಿಡಿ.

ಒಪ್ಪಿಗೆಯ ವಿಷಯವೂ ಇದೆ. ಮುಖ್ಯೋಪಾಧ್ಯಾಯರ ಸಹಿ, ಪೋಷಕರ ಸಹಿ ಎರಡೂ ಬೇಕು, ಸರಿ. ಆದರೆ ನಾಳೆ ತನಗೆ ಅಂಕ ಹಾಕುವವರು ಇಂದು 'ಭಾಗವಹಿಸುತ್ತೀಯಾ?' ಎಂದರೆ ಯಾವ ಮಗು ಬೇಡ ಎಂದೀತು? ಒಪ್ಪಿಗೆಯನ್ನು ಬೇರೆಯವರು ಕೇಳಲಿ. ಬೇಡ ಎಂದ ಮಗುವಿನ ಮಾತನ್ನು ಪ್ರತಿಲೇಖದಿಂದ ತೆಗೆಯಲಿ. ಹೆಸರುಗಳನ್ನು ಮೊದಲ ದಿನವೇ ಬದಲಿಸಲಿ. ಅರ್ಧ ತರಗತಿಗೆ ಹೊಸ ಆಟ, ಉಳಿದರ್ಧಕ್ಕೆ ಗದ್ಯ ಓದು ಎಂದು ಪಂಕ್ತಿಭೇದ ಮಾಡುವ ಪ್ರಯೋಗ ನನ್ನ ತರಗತಿಯಲ್ಲಂತೂ ಬೇಡ. ಮಾಡಲೇಬೇಕಿದ್ದರೆ ಎರಡನೆಯ ಗುಂಪಿಗೂ ಮುಂದಿನ ವಾರ ಅದೇ ಆಟ ಸಿಗಲಿ.

ಒಬ್ಬನೇ ಒಬ್ಬ ನನ್ನ ಮನಸ್ಸು ಗೆದ್ದಿದ್ದ. ಗುಂಪು ಚಟುವಟಿಕೆಯಲ್ಲಿ ಮಕ್ಕಳು ಮನೆಮಾತಿಗೆ ಜಾರುತ್ತಾರೆ, ಏಕೆ ಎನ್ನುವುದು ಅವನ ಕುತೂಹಲ. ಅದನ್ನೇ ಮಕ್ಕಳಿಗೆ ಚರ್ಚೆಯ ವಿಷಯವಾಗಿ ಕೊಟ್ಟ. ಅವರು ಇಂಗ್ಲಿಷಿನಲ್ಲಿ ಭಿತ್ತಿಪತ್ರ ಬರೆದರು. ಅದೇ ಪಾಠ, ಅದೇ ದತ್ತಾಂಶ. ಡಿಕ್ ಆಲ್‌ರೈಟ್ ಎನ್ನುವವರು ಹೀಗೆ ತರಗತಿಯ ಒಗಟನ್ನು ಮಕ್ಕಳೊಂದಿಗೇ ಬಿಡಿಸುವ ದಾರಿಯನ್ನು ಬಹಳ ಹಿಂದೆಯೇ ಹೇಳಿದ್ದಾರೆಂದು ಅವನಿಂದಲೇ ತಿಳಿಯಿತು.

19 ವರ್ಷ ಕಲಿಸಿದವರು, ಮತ್ತೆ

ಖಾರ ಸರಿಯಾಗಿಯೇ ಇದೆ. 'ಶಿಕ್ಷಕನೇ ಸಂಶೋಧಕ' ಎಂದು 1975ರಲ್ಲಿ ವಾದಿಸಿದ ಬ್ರಿಟಿಷ್ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್, ಸಂಶೋಧನೆ ಕ್ರಮಬದ್ಧವಾಗಿದ್ದರೆ ಸಾಲದು, ಅದು ಬಹಿರಂಗವೂ ಆಗಬೇಕು ಎಂದಿದ್ದರು. ನಾವು ಬಹಿರಂಗ ಎಂದರೆ ಬೈಂಡಿಂಗ್ ಎಂದುಕೊಂಡಿದ್ದೇವೆ. ಈ ವರ್ಷದಿಂದ, ಶಾಲೆಗೆ ತಿರುಗಿ ಹೋಗಿ ಮಕ್ಕಳಿಗೆ ಹತ್ತು ನಿಮಿಷ ಹೇಳಿ ಬಂದವರಿಗೆ ಮಾತ್ರ ಪ್ರಬಂಧ ಒಪ್ಪಿಸಲು ಬಿಡುತ್ತೇನೆ.

ಗ್ರಂಥಾಲಯದವರು

ಎರಡೇ ಮಾತು. ಕೃತಕ ಬುದ್ಧಿಮತ್ತೆಯನ್ನು ಕೇಳಿ ತಂದ ಉಲ್ಲೇಖಗಳಲ್ಲಿ ಲೋಕದಲ್ಲೇ ಇಲ್ಲದ ಲೇಖನಗಳೂ ಇರುತ್ತವೆ. ಲೇಖಕರ ಹೆಸರು ನಿಜ, ನಿಯತಕಾಲಿಕ ನಿಜ, ಲೇಖನ ಮಾತ್ರ ಇಲ್ಲ. ಲೇಖನವನ್ನೇ ತೆರೆದು, ತಾವು ಉಲ್ಲೇಖಿಸಿದ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು ಎಂಬ ನಿಯಮ ಮಾಡಿ. 40 ಉಲ್ಲೇಖಗಳ ಬದಲು ಐದು ಸಾಕು. ಲೇಖನಗಳ ಇಂಗ್ಲಿಷ್ ಕಬ್ಬಿಣದ ಕಡಲೆ ಎನಿಸಿದರೆ ಓಯಸಿಸ್ ಎಂಬ ತಾಣದಲ್ಲಿ ಭಾಷಾ ಸಂಶೋಧನೆಗಳ ಒಂದು ಪುಟದ ಸರಳ ಸಾರಾಂಶಗಳು ಉಚಿತವಾಗಿ ಸಿಗುತ್ತವೆ, ಅಲ್ಲಿಂದ ಮೂಲಕ್ಕೆ ಹೋಗಲಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಮೂರು ವಾರದ ಯೋಜನೆಯನ್ನು ಹರಿದು ಹಾಕಿದೆ. ಹುಡುಗರಿಗೆ ಹೇಳುವ ಮೊದಲು ನಾನೇ ಮಾಡಿ ನೋಡೋಣವೆಂದು ನಿನ್ನೆಯ ನನ್ನ ತರಗತಿಯನ್ನು ಧ್ವನಿಮುದ್ರಿಸಿಕೊಂಡು ಹತ್ತು ನಿಮಿಷ ಬರೆದೆ. 'ಅರ್ಥವಾಯಿತೇ?' ಎಂದು 11 ಸಲ ಕೇಳಿದ್ದೇನೆ. ಒಮ್ಮೆಯೂ ಯಾರೂ ಉತ್ತರಿಸಿಲ್ಲ, ನಾನೂ ಕಾದಿಲ್ಲ. ಈ ಕಾಗದವನ್ನೇ ಮೊದಲ ದಿನ ಅವರ ಮುಂದೆ ಇಡುತ್ತೇನೆ.

ಎರಡು ಸಂದೇಹ ಉಳಿದಿವೆ. ಅಂಕ ಹೇಗೆ ಹಾಕುತ್ತೀರಿ? ಹಿಂದಿನ ಬೆಂಚಿನ ಮಾತು ಧ್ವನಿಮುದ್ರಣದಲ್ಲಿ ಸಿಗುವುದೇ ಇಲ್ಲ, ಅದಕ್ಕೇನು ಮಾಡುವುದು?

19 ವರ್ಷ ಕಲಿಸಿದವರು

ಫಲಿತಾಂಶ 'ಚೆನ್ನಾಗಿ' ಬಂದದ್ದಕ್ಕೆ ಅಂಕ ಇಲ್ಲ ಎಂದು ಮೊದಲೇ ಸಾರಿಬಿಡಿ, ಅಂಕಿಗಳನ್ನು ತಿದ್ದುವ ಆಸೆಯೇ ಹುಟ್ಟುವುದಿಲ್ಲ. 'ನನ್ನ ಊಹೆ ಎಲ್ಲಿ ತಪ್ಪಿತು, ಯಾವ ಸಾಲು ನೋಡಿದಾಗ ಗೊತ್ತಾಯಿತು' ಎಂಬ ಎರಡು ಪುಟಕ್ಕೆ ನಾನು ಮೂರನೆಯ ಒಂದು ಭಾಗ ಅಂಕ ಇಟ್ಟಿದ್ದೇನೆ. ಮೊಬೈಲ್ ಎರಡು ಬೇಕು: ಒಂದು ಶಿಕ್ಷಕರ ಜೇಬಿನಲ್ಲಿ, ಇನ್ನೊಂದು ಹಿಂದಿನ ಬೆಂಚಿನ ಮೇಲೆ, ಬಟ್ಟೆಯ ಮಡಿಕೆಯ ಮೇಲಿಟ್ಟು. ಮರದ ಮೇಲೆ ನೇರವಾಗಿ ಇಟ್ಟರೆ ಬರೀ ಪೆನ್ಸಿಲ್ ಬೀಳುವ ಸದ್ದೇ ಕೇಳಿಸುತ್ತದೆ.