ತರಗತಿಯ ಮಾರುಕಟ್ಟೆ ಆಟದಲ್ಲಿ ಪೋಷಕರ ಪಾತ್ರವೇನು?

ಪ್ರಶ್ನೆ:
ಏಳನೇ ತರಗತಿಯ ಮಕ್ಕಳಿಗೆ ಬೇಡಿಕೆ, ಪೂರೈಕೆ, ಲಾಭ ಮೊದಲಾದವನ್ನು ಚಟುವಟಿಕೆಗಳ ಮೂಲಕ ಕಲಿಸುತ್ತಿದ್ದೇನೆ. ಮಕ್ಕಳೇ ವಸ್ತುಗಳನ್ನು ತಯಾರಿಸಿ ಮಾರಬೇಕೆಂದರೆ, ಬಹುಪಾಲು ವಸ್ತುಗಳು ಪೋಷಕರ ಕೈಯಲ್ಲೇ ತಯಾರಾಗಿ ಬರುತ್ತವೆ; ಸಾಮಗ್ರಿಯ ಖರ್ಚನ್ನೂ ಅವರೇ ಭರಿಸುವುದರಿಂದ, ಮಾರಿ ಬಂದದ್ದೆಲ್ಲ ಲಾಭವೆಂದೇ ಮಕ್ಕಳು ಲೆಕ್ಕ ಬರೆಯುತ್ತಾರೆ. ಪೋಷಕರನ್ನು ದೂರವಿಡುವ ಮನಸ್ಸು ನನಗಿಲ್ಲ. ಅವರನ್ನು ಸೇರಿಸಿಕೊಂಡೂ ಕಲಿಕೆ ಮಕ್ಕಳದ್ದಾಗಿಯೇ ಉಳಿಯಲು ಏನು ಮಾಡಬಹುದು?

ಉತ್ತರ 1:
ಪೋಷಕರನ್ನು ಸಹಾಯಕರೆಂದು ಕರೆಯುವುದರಲ್ಲೇ ತೊಡಕಿದೆ. ಚೀಟಿ ಹಂಚಿ ಕೊಳ್ಳುವ-ಮಾರುವ ಆಟ ಆಡಿಸಿ, ಅವರೂ ಮಕ್ಕಳಂತೆಯೇ ಚೀಟಿ ಹಿಡಿದು ಆಡಲಿ. ಮಾರುವವರ ಚೀಟಿಯಲ್ಲಿ ಅವರ ವೆಚ್ಚವಿರುತ್ತದೆ, ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಕೊಳ್ಳುವವರ ಚೀಟಿಯಲ್ಲಿ ಅವರು ಕೊಡಬಹುದಾದ ಗರಿಷ್ಠ ಬೆಲೆಯಿರುತ್ತದೆ. ಯಾರೂ ತಮ್ಮ ಚೀಟಿಯನ್ನು ತೋರಿಸಬಾರದು. ಮಾರುವವರಿಗೆ 2, 3, 4, 5, 6, 7 ಮತ್ತು ಕೊಳ್ಳುವವರಿಗೆ 8, 7, 6, 5, 4, 3 ಅಂಕಗಳ ಚೀಟಿ ಹಂಚಿದರೆ, ಕೆಲವು ಸುತ್ತುಗಳಾದ ಮೇಲೆ ಬೆಲೆ ಸಾಮಾನ್ಯವಾಗಿ 5ರ ಆಸುಪಾಸಿಗೆ ಬರತೊಡಗುತ್ತದೆ.

ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ಹಾರ್ವರ್ಡ್‌ನ ತಮ್ಮ ತರಗತಿಯಲ್ಲಿ ಇಂಥದ್ದೇ ಪ್ರಯೋಗ ನಡೆಸಿ 1948ರಲ್ಲಿ ಪ್ರಕಟಿಸಿದರು. ಅಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಚೌಕಾಸಿ ಮಾಡಿದ್ದರಿಂದ ಬೆಲೆಗಳು ಚದುರಿಹೋದವು. ಅವರ ವಿದ್ಯಾರ್ಥಿಯಾಗಿದ್ದ ವರ್ನನ್ ಸ್ಮಿತ್ ಮುಂದೆ ಎಲ್ಲರಿಗೂ ಕೇಳುವಂತೆ ಬೆಲೆ ಕೂಗಿಸಿ, ಅದೇ ಆಟವನ್ನು ಮತ್ತೆ ಮತ್ತೆ ಆಡಿಸಿದಾಗ ಬೆಲೆ ಸಮತೋಲನದತ್ತ, ಅಂದರೆ ಬೇಡಿಕೆ ಮತ್ತು ಪೂರೈಕೆ ಸಮವಾಗುವ ಬೆಲೆಯತ್ತ, ಸರಿಯಿತು (ಪ್ರಾಯೋಗಿಕ ಅರ್ಥಶಾಸ್ತ್ರಕ್ಕಾಗಿ ಅವರಿಗೆ 2002ರಲ್ಲಿ ನೊಬೆಲ್ ಸಂದಿತು). ಆದ್ದರಿಂದ ಪ್ರತಿಯೊಂದು ವ್ಯವಹಾರದ ಬೆಲೆಯನ್ನೂ ಕಪ್ಪು ಹಲಗೆಯ ಮೇಲೆ ಬರೆಯುವುದನ್ನು ಮಾತ್ರ ತಪ್ಪಿಸಬೇಡಿ. 7ರ ಚೀಟಿ ಹಿಡಿದ ಅಪ್ಪ ಸುತ್ತು ಮುಗಿದರೂ ಏನನ್ನೂ ಮಾರಲಾಗದೆ ಕುಳಿತಿದ್ದು, 2ರ ಚೀಟಿಯ ಮಗಳು 3 ಅಂಕ ಲಾಭ ಮಾಡಿಕೊಂಡಾಗ, ಅಪ್ಪನಿಗೆ ವ್ಯಾಪಾರ ಬಾರದೋ ಅಥವಾ ಅವರ ವೆಚ್ಚವೇ ಹೆಚ್ಚೋ ಎಂಬ ಚರ್ಚೆ ತಾನಾಗಿಯೇ ಎದ್ದೇಳುತ್ತದೆ.

ಉತ್ತರ 2:
ಪೋಷಕಿಯಾಗಿ ಒಂದು ಮಾತು ಸೇರಿಸುತ್ತೇನೆ. ಹಗಲು ದುಡಿಯುವವರು ಶಾಲೆಗೆ ಬರಲಾರರು; ಅವರಿಗಾಗಿ ಮನೆಯಲ್ಲೇ ಆಗುವ ಕೆಲಸವೊಂದಿರಲಿ. ಆದರೆ ದಯವಿಟ್ಟು ಮನೆಯ ಆದಾಯ, ಖರ್ಚುಗಳನ್ನು ಬರೆದು ತರಲು ಹೇಳಬೇಡಿ, ಅದು ಮಕ್ಕಳ ನಡುವೆ ಹೋಲಿಕೆಗೆ ಎಡೆಮಾಡುತ್ತದೆ. ಈ ವಾರ ಎರಡರಲ್ಲಿ ಒಂದನ್ನು ಆರಿಸಿಕೊಂಡ ಸಂದರ್ಭ ಯಾವುದು, ಆಗ ಕೈಬಿಟ್ಟದ್ದೇನು ಎಂದು ಮಗು ಮನೆಯವರನ್ನು ಕೇಳಿ ಬರೆದರೆ ಅವಕಾಶ ವೆಚ್ಚದ (ಒಂದನ್ನು ಆರಿಸಿದಾಗ ಕೈಬಿಟ್ಟದ್ದರ ಬೆಲೆ) ಪಾಠಕ್ಕೆ ಅಷ್ಟು ಸಾಕು. ಕೈಬಿಟ್ಟದ್ದು ಒಂದು ಸಂಜೆಯ ವಿಶ್ರಾಂತಿಯೂ ಆಗಿರಬಹುದು.

ಉತ್ತರ 3:
ಚೀಟಿಯ ಆಟ ಚೆನ್ನಾಗಿದೆ, ಆದರೆ ಅದರಲ್ಲಿ ವೆಚ್ಚವು ಮೊದಲೇ ಬರೆದುಕೊಟ್ಟ ಅಂಕಿಯಷ್ಟೆ. ವೆಚ್ಚ ಹೇಗೆ ಹುಟ್ಟುತ್ತದೆಂಬುದು ತಿಳಿಯಬೇಕಾದರೆ ತಯಾರಿಸಿ ಮಾರುವ ಚಟುವಟಿಕೆಯೂ ಬೇಕು. ಪೋಷಕರು ಕೊಟ್ಟ ಸಾಮಗ್ರಿಯನ್ನು ಸಾಲವೆಂದು ಬರೆಸಿ, ಲಾಭ ಹಂಚುವ ಮೊದಲು ಅದನ್ನು ತೀರಿಸುವ ನಿಯಮವಿಡಿ. ಮನೆಯವರು ದುಡಿದ ಗಂಟೆಗಳಿಗೆ ಕೂಲಿ ಎಷ್ಟೆಂಬುದನ್ನು ಮಾರಾಟಕ್ಕೆ ಮುಂಚೆಯೇ ಮಕ್ಕಳು ಚರ್ಚಿಸಿ ನಿರ್ಧರಿಸಲಿ. ಹೀಗೆ ಲೆಕ್ಕ ಹಾಕಿದಾಗ ಕೆಲವು ತಂಡಗಳಿಗೆ ನಷ್ಟ ಬರುವುದು ಸಹಜ. ಅದನ್ನು ತಿದ್ದದೆ ಹಾಗೆಯೇ ಪುಸ್ತಕದಲ್ಲಿ ಉಳಿಸಿ, ಮುಂದಿನ ಬಾರಿ ಬೆಲೆ ಏರಿಸುವುದೋ ಕೆಲಸವನ್ನು ತಾವೇ ಮಾಡುವುದೋ ಎಂಬ ತೀರ್ಮಾನವನ್ನು ಅವರಿಗೇ ಬಿಡಿ.